ಎರೆ, ಮಸಾರಿ, ಬಂಡೆ ಮತ್ತು ಒಂದು ಉಕ್ಕಿನ ಸರಳು

ಕಚ್ಚಾ ದಾರಿಗೆ ಇಳಿಯುವ ಮೊದಲು ಗಾಡಿಯ ಸ್ಟೆಬಿಲೈಸರ್ ಬಾರ್ ಬಿಚ್ಚಬೇಕೇ, ಬೇಡವೇ? ಫೋರ್-ವ್ಹೀಲ್ ಗಾಡಿ ಕೊಂಡ ಯಾರಾದರೂ ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. 2020ರಲ್ಲಿ ಹೊಸ ಥಾರ್, 2021ರಲ್ಲಿ ಹೊಸ ಗೂರ್ಖಾ, 2023ರಲ್ಲಿ ಜಿಮ್ನಿ ಬಂದ ಮೇಲೆ ಅಂಥ ಗಾಡಿಗಳು ನಗರದ ಹವ್ಯಾಸಿಗಳ ಸೊತ್ತಾಗಿ ಉಳಿದಿಲ್ಲ. ಹೊಲ, ತೋಟ, ಸಂತೆ ಅಂತ ಓಡಾಡುವ ಸಣ್ಣ ಊರುಗಳ ಜನರ ಮನೆ ಮುಂದೆಯೂ ನಿಂತಿವೆ. ಪ್ರಶ್ನೆ ಇಲ್ಲಿಯದಾದರೂ ಉತ್ತರಗಳು ಬರುವುದು ಮಾತ್ರ ಅಮೆರಿಕದ ಯೂಟಾ ರಾಜ್ಯದ ಕೆಂಪು ಬಂಡೆಗಳಿಂದ, ಆಸ್ಟ್ರೇಲಿಯಾದ ಒಳನಾಡಿನಿಂದ. ಅಲ್ಲಿನ ನೆಲಕ್ಕೆ ಸರಿಹೋದ ಮಾತು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ನೆಲಕ್ಕೆ ಎಷ್ಟು ಹೊಂದುತ್ತದೆ ಎಂದು ಒಮ್ಮೆ ಅಳೆದು ನೋಡುವುದು ಒಳ್ಳೆಯದು. ನನ್ನ ಅಂದಾಜನ್ನು ಮೊದಲೇ ಹೇಳಿಬಿಡುತ್ತೇನೆ: ಈ ಐದು ತಾಲ್ಲೂಕುಗಳಲ್ಲಿ ಸರಳು ಬಿಚ್ಚಿದರೆ ಲಾಭವಾಗುವ ನೆಲ ಬಹಳ ಕಡಿಮೆ, ಆ ಕಡಿಮೆಯಲ್ಲೂ ಹೆಚ್ಚಿನದು ಗಾಡಿ ಇಳಿಸಬಾರದ ಕಾಡು.

ಮೊದಲು ಸರಳಿನ ಕೆಲಸ ಏನೆಂದು ನೋಡೋಣ. ಇಂಗ್ಲಿಷಿನ ಯು ಅಕ್ಷರದಂತೆ ಬಾಗಿದ ಒಂದು ಉಕ್ಕಿನ ಕಂಬಿ. ನಡುಭಾಗ ಗಾಡಿಯ ಚಾಸಿಗೆ ಎರಡು ರಬ್ಬರ್ ಬುಷ್‌ಗಳಲ್ಲಿ ಕೂತಿರುತ್ತದೆ. ಎರಡು ತುದಿಗಳು ಲಿಂಕ್ ರಾಡ್‌ಗಳ ಮೂಲಕ ಎಡ ಬಲ ಚಕ್ರಗಳ ಕಡೆಗೆ ಸೇರಿಕೊಂಡಿರುತ್ತವೆ. ಎರಡು ಚಕ್ರಗಳೂ ಒಟ್ಟಿಗೆ ಮೇಲೆದ್ದರೆ ಕಂಬಿ ತನ್ನ ಬುಷ್‌ನೊಳಗೆ ಸುಮ್ಮನೆ ಹೊರಳುತ್ತದೆ, ಏನೂ ತಡೆ ಒಡ್ಡುವುದಿಲ್ಲ. ಊರ ಮುಂದಿನ ಉಬ್ಬನ್ನು ನೇರವಾಗಿ ದಾಟುವಾಗ ಅದು ಇದ್ದೂ ಇಲ್ಲದಂತೆ. ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಹೋದಾಗ ಮಾತ್ರ ಅದಕ್ಕೆ ಕೆಲಸ: ಒದ್ದೆ ಪಂಚೆಯನ್ನು ಇಬ್ಬರು ಹಿಡಿದು ಹಿಂಡಿದಂತೆ ಕಂಬಿ ತಿರುಚಿಕೊಳ್ಳುತ್ತದೆ, ತಿರುಚಿದ್ದನ್ನು ಬಿಡಿಸಿಕೊಳ್ಳಲು ಎರಡೂ ಚಕ್ರಗಳನ್ನು ಮತ್ತೆ ಒಂದೇ ಮಟ್ಟಕ್ಕೆ ಎಳೆಯುತ್ತದೆ. ತಿರುವಿನಲ್ಲಿ ಗಾಡಿಯ ಮೈ ಹೊರಗಡೆಗೆ ವಾಲುವುದನ್ನು ಹೀಗೆ ಅದು ತಡೆಯುತ್ತದೆ.

ಈ ತಡೆಯ ಬಲ ಕಂಬಿಯ ದಪ್ಪದ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತದೆ. 20 ಮಿ.ಮೀ. ಕಂಬಿಯ ಬದಲು 22 ಮಿ.ಮೀ. ಹಾಕಿದರೆ ಕಣ್ಣಿಗೆ ವ್ಯತ್ಯಾಸ ಕಾಣದು, ಬಿಗಿ ಮಾತ್ರ ಶೇಕಡಾ 46ರಷ್ಟು ಹೆಚ್ಚುತ್ತದೆ. ಗಾಡಿ ತಯಾರಿಸುವವರು ಹಿಂದು ಮುಂದಿನ ಕಂಬಿಗಳನ್ನು ಮಿಲಿಮೀಟರ್ ಲೆಕ್ಕದಲ್ಲಿ ಆರಿಸುವುದು ಅದಕ್ಕೇ. ಇಲ್ಲಿ ಒಂದು ತಪ್ಪು ತಿಳಿವಳಿಕೆಯೂ ಉಂಟು. ತಿರುವಿನಲ್ಲಿ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಸರಿಯುವ ಒಟ್ಟು ಭಾರವನ್ನು ಕಂಬಿ ಕಡಿಮೆ ಮಾಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗೇನೂ ಇಲ್ಲ. ಆ ಭಾರವನ್ನು ನಿರ್ಧರಿಸುವುದು ಗಾಡಿಯ ಗುರುತ್ವ ಕೇಂದ್ರದ ಎತ್ತರ, ಚಕ್ರಗಳ ನಡುವಿನ ಅಗಲ ಮತ್ತು ತಿರುವಿನ ವೇಗ. ಕಂಬಿ ಮಾಡುವುದು ಎರಡೇ: ವಾಲುವುದನ್ನು ಹದ್ದಿನಲ್ಲಿಡುವುದು, ಸರಿಯುವ ಭಾರದಲ್ಲಿ ಎಷ್ಟು ಪಾಲು ಮುಂದಿನ ಅಚ್ಚಿಗೆ, ಎಷ್ಟು ಹಿಂದಿನದಕ್ಕೆ ಎಂದು ಹಂಚುವುದು. ಮುಂದಿನದನ್ನು ಬಿಚ್ಚಿ ಹಿಂದಿನದನ್ನು ಹಾಗೆಯೇ ಬಿಟ್ಟು ಡಾಂಬರಿಗೆ ಬಂದರೆ ಹಂಚಿಕೆ ಹಿಂದಕ್ಕೆ ಜಾರುತ್ತದೆ. ತಿರುವಿನಲ್ಲಿ ಗಾಡಿಯ ಹಿಂಭಾಗ ಹೊರಗೆ ಕೊಚ್ಚಿಕೊಂಡು ಹೋಗುವ ಅಪಾಯ ಏಳುತ್ತದೆ. ಮೈ ವಾಲುವುದಕ್ಕಿಂತ ಇದು ಕೆಟ್ಟದ್ದು. ವಾಲುವುದು ಡ್ರೈವರ್‌ಗೆ ಗೊತ್ತಾಗುತ್ತದೆ, ಹಂಚಿಕೆ ಬದಲಾದದ್ದು ತಿರುವಿನ ನಡುವೆ ಬಂದಾಗಲೇ ಗೊತ್ತಾಗುವುದು.

ಕಂಬಿಯ ಹುಟ್ಟು ಹಳೆಯದು. ಕೆನಡಾದ ಫ್ರೆಡರಿಕ್ಟನ್ ಊರಿನ ಸ್ಟೀಫನ್ ಕೋಲ್‌ಮನ್ ಎಂಬಾತ ಇದಕ್ಕೆ 1919ರ ಏಪ್ರಿಲ್‌ನಲ್ಲಿ ಪೇಟೆಂಟ್ ಪಡೆದ. ಆದರೂ ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿಗೆ ಇದು ಇರಲಿಲ್ಲ; ಆ ಜೀಪಿನ ಕುಲದಿಂದ ಬಂದು ನಮ್ಮ ದೇಶದಲ್ಲಿ ದಶಕಗಟ್ಟಲೆ ಓಡಿದ ಮಹೀಂದ್ರಾ ಸಿಜೆ-3ಬಿಗೂ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಅವುಗಳ ವೇಗ ಕಡಿಮೆ, ಕಮಾನು ಪಟ್ಟಿಗಳು ಗಟ್ಟಿ, ಪಟ್ಟಿಗಳ ನಡುವಿನ ತಿಕ್ಕಾಟವೇ ಅರ್ಧ ಓಲಾಟವನ್ನು ನುಂಗುತ್ತಿತ್ತು. ರಸ್ತೆ ಸುಧಾರಿಸಿ, ಸ್ಪ್ರಿಂಗ್ ಮೆತ್ತಗಾಗಿ, ವೇಗ ಏರಿದಂತೆ ಕಂಬಿಯಿಲ್ಲದೆ ನಡೆಯದಂತಾಯಿತು. 1997ರಲ್ಲಿ ಸ್ವೀಡನ್ನಿನ ಒಂದು ವಾಹನ ಪತ್ರಿಕೆಯವರು ದಿಢೀರನೆ ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸುವ ಪರೀಕ್ಷೆ ಮಾಡುವಾಗ ಮರ್ಸಿಡಿಸ್ ಎ-ಕ್ಲಾಸ್ ಕಾರೇ ಉರುಳಿಬಿದ್ದು ಜಗತ್ತೆಲ್ಲ ಸುದ್ದಿಯಾಯಿತು. ಕಂಪನಿ ಸಸ್ಪೆನ್ಷನ್ ತಿದ್ದಿ, ಜಾರುವಿಕೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಸೇರಿಸಬೇಕಾಯಿತು. ನಮ್ಮಲ್ಲಿ ಆ ಪ್ರಾಣಿಯ ಜಾಗದಲ್ಲಿ ಎಮ್ಮೆ ಇದೆ, ಅಷ್ಟೆ. ಕೂಡ್ಲಿಗಿಯನ್ನು ಹಾದುಹೋಗುವ 50ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ನಾಲ್ಕು ಪಥದ ಉತ್ಸಾಹದಲ್ಲಿ ಬರುವವನಿಗೆ ಕುರಿ ಹಿಂಡು ಎದುರಾಗುವುದು ಏನೂ ಅಪರೂಪವಲ್ಲ.

ಹಾಗಿದ್ದರೆ ಇಷ್ಟು ಉಪಕಾರಿಯಾದ ಕಂಬಿಯನ್ನು ಬಿಚ್ಚುವ ಯೋಚನೆ ಏಕೆ? ಡಾಂಬರಿನಲ್ಲಿ ಅದರ ಗುಣ ಏನೋ, ಬಂಡೆಯ ಮೇಲೆ ಅದೇ ದೋಷ. ಎಡಮುಂದಿನ ಚಕ್ರ ಗುಂಡಿನ ಮೇಲೆ, ಬಲಮುಂದಿನದು ಗುಂಡಿಯಲ್ಲಿ. ಹಿಂದೆ ಇದರ ತದ್ವಿರುದ್ಧ. ಕಂಬಿ ಚಕ್ರಗಳನ್ನು ಸಮಮಟ್ಟಕ್ಕೆ ತರಲು ಹೆಣಗುತ್ತದೆ, ಗುಂಡಿಯ ಕಡೆಯ ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ನಿಲ್ಲುತ್ತದೆ. ಲಾಕ್ ಇಲ್ಲದ ಡಿಫರೆನ್ಷಿಯಲ್ ಎರಡು ಚಕ್ರಗಳಿಗೂ ಒಂದೇ ಪ್ರಮಾಣದ ತಿರುಗುಬಲ ಕೊಡುವುದರಿಂದ, ಗಾಳಿಯಲ್ಲಿರುವ ಚಕ್ರಕ್ಕೆ ಬೇಕಾಗುವ ಅತ್ಯಲ್ಪ ಬಲದಷ್ಟೇ ನೆಲದ ಮೇಲಿನ ಚಕ್ರಕ್ಕೂ ಸಿಗುತ್ತದೆ. ಇಂಜಿನ್ ಎಷ್ಟೇ ಗರ್ಜಿಸಲಿ, ಗಾಡಿ ನಿಂತಲ್ಲೇ. ಕಂಬಿ ಬಿಚ್ಚಿದರೆ ಅಚ್ಚು ನೆಲದ ಓರೆಗೆ ತಕ್ಕಂತೆ ವಾಲಿ ನಾಲ್ಕೂ ಚಕ್ರ ನೆಲ ಮುಟ್ಟುತ್ತವೆ. ಮೈಯೂ ಅಷ್ಟಾಗಿ ಅತ್ತಿತ್ತ ತೂಗದೆ ಒಳಗೆ ಕೂತವರ ಕತ್ತು ಉಳಿಯುತ್ತದೆ. ಚಕ್ರಗಳ ಈ ಹರಿವನ್ನು ಅಳೆಯಲು ಒಂದು ಸರಳ ವಿಧಾನವಿದೆ: 20 ಡಿಗ್ರಿ ಓರೆಯ ಇಳಿಜಾರಿನ ಮೇಲೆ ಒಂದೇ ಮುಂಚಕ್ರವನ್ನು ಹತ್ತಿಸುತ್ತ ಹೋಗಿ, ಇನ್ನೊಂದು ಚಕ್ರ ನೆಲ ಬಿಡುವ ಹೊತ್ತಿಗೆ ಎಷ್ಟು ದೂರ ಏರಿತೆಂದು ನೋಡಿ, ಅದನ್ನು ಗಾಡಿಯ ವ್ಹೀಲ್‌ಬೇಸ್‌ನಿಂದ ಭಾಗಿಸಿ ಸಾವಿರದಿಂದ ಗುಣಿಸುವುದು. ಕಂಬಿ ಇದ್ದಾಗ ಒಂದು ಸಂಖ್ಯೆ, ಬಿಚ್ಚಿದಾಗ ಇನ್ನೊಂದು. ಮುಂದೆಯೂ ಇಡೀ ಅಚ್ಚು ಇರುವ ಗಾಡಿಗಳಲ್ಲಿ ಈ ಎರಡರ ನಡುವಿನ ಅಂತರ ದೊಡ್ಡದು. ಪ್ರತಿ ಚಕ್ರಕ್ಕೂ ಬೇರೆ ಬೇರೆ ತೋಳುಗಳಿರುವ ಇಂಡಿಪೆಂಡೆಂಟ್ ಸಸ್ಪೆನ್ಷನ್ನಿನಲ್ಲಿ ಸಣ್ಣದು, ಏಕೆಂದರೆ ಅಲ್ಲಿ ತೋಳಿನ ಉದ್ದ, ಡ್ಯಾಂಪರಿನ ಮಿತಿ, ಡ್ರೈವ್ ಶಾಫ್ಟಿನ ಕೀಲು ಬಾಗುವ ಕೋನ ಮೊದಲೇ ಗಡಿ ಹಾಕಿರುತ್ತವೆ.

ಬಿಚ್ಚುವ ತಲೆನೋವನ್ನು ಕಂಪನಿಗಳೇ ವಹಿಸಿಕೊಂಡ ಕತೆ ಸ್ವಾರಸ್ಯವಾಗಿದೆ. 1987ರಲ್ಲಿ ಬಂದ ವೈ-60 ತಲೆಮಾರಿನ ನಿಸಾನ್ ಪ್ಯಾಟ್ರೋಲ್ ಗಾಡಿಗಳಲ್ಲಿ ಹಿಂದಿನ ಕಂಬಿಯನ್ನು ಒಳಗೆ ಕೂತೇ ಬಿಡಿಸುವ ಏರ್ಪಾಡು ಸಿಗುತ್ತಿತ್ತು. ಅಮೆರಿಕದ ಜೀಪ್ ರ‍್ಯಾಂಗ್ಲರ್ ರೂಬಿಕಾನ್ 2007ರ ಮಾದರಿಯಿಂದ ಮುಂದಿನ ಕಂಬಿಯನ್ನೇ ನಡುವೆ ಎರಡು ತುಂಡು ಮಾಡಿ, ಮೋಟಾರಿನಿಂದ ಕೂಡಿಸುವ, ಬಿಡಿಸುವ ಗುಂಡಿ ಕೊಟ್ಟಿತು. ಗಮನಿಸಬೇಕಾದದ್ದು ಅದರ ಷರತ್ತುಗಳನ್ನು: ಫೋರ್-ವ್ಹೀಲ್‌ಗೆ ಹಾಕಿದಾಗ ಮಾತ್ರ ಬಿಡುತ್ತದೆ, ಗಂಟೆಗೆ ಸುಮಾರು 29 ಕಿ.ಮೀ. ದಾಟಿದರೆ ತಾನೇ ಮತ್ತೆ ಕೂಡಿಕೊಳ್ಳಲು ನೋಡುತ್ತದೆ. ಕಂಬಿಯಿಲ್ಲದೆ ಓಡಿಸಬಹುದಾದ ವೇಗ ಎಷ್ಟು ಎಂದು ಕೇಳುವವರಿಗೆ ತಯಾರಕರೇ ಕೊಟ್ಟ ಉತ್ತರ ಇದು. ನಮ್ಮ ಕಡೆಯ ಟ್ರ್ಯಾಕ್ಟರು ತುಂಬಿದ ಟ್ರೈಲರ್ ಎಳೆದುಕೊಂಡು ರಸ್ತೆಯಲ್ಲಿ ಹೋಗುವ ವೇಗ ಹೆಚ್ಚೂಕಡಿಮೆ ಅಷ್ಟೇ. 2021ರ ಫೋರ್ಡ್ ಬ್ರಾಂಕೋ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಚಕ್ರಗಳು ಆಗಲೇ ಓರೆಯಾಗಿ ಕಂಬಿ ತಿರುಚಿಕೊಂಡಿದ್ದಾಗಲೂ ಬಿಡಿಸಬಲ್ಲ ಹೈಡ್ರಾಲಿಕ್ ವ್ಯವಸ್ಥೆ ತಂದಿತು. ಟೊಯೊಟಾದ ದಾರಿ ನನಗೆ ಎಲ್ಲಕ್ಕಿಂತ ಮೆಚ್ಚು. ಆಸ್ಟ್ರೇಲಿಯಾದ ಕೈನೆಟಿಕ್ ಎಂಬ ಸಂಸ್ಥೆಯ ಯೋಚನೆಯಿಂದ ಹುಟ್ಟಿದ ಕೆಡಿಎಸ್ಎಸ್ ವ್ಯವಸ್ಥೆಯಲ್ಲಿ ಹಿಂದು ಮುಂದಿನ ಕಂಬಿಗಳಿಗೆ ಒಂದೊಂದು ಸಿಲಿಂಡರ್, ನಡುವೆ ಎಣ್ಣೆಯ ಕೊಳವೆಗಳು. ತಿರುವಿನಲ್ಲಿ ಎರಡೂ ಕಂಬಿ ಒಂದೇ ಕಡೆಗೆ ತಿರುಚುವುದರಿಂದ ಎಣ್ಣೆಗೆ ಹೋಗಲು ಜಾಗವಿಲ್ಲ, ಕಂಬಿಗಳು ಬಿಗಿಯಾಗಿಯೇ ನಿಲ್ಲುತ್ತವೆ. ಕತ್ತರಿಯಾಕಾರದ ಹಳ್ಳದಲ್ಲಿ ಹಿಂದು ಮುಂದಿನವು ವಿರುದ್ಧ ದಿಕ್ಕಿಗೆ ತಿರುಚಿದಾಗ ಎಣ್ಣೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿದು ಕಂಬಿಗಳು ಸಡಿಲಾಗುತ್ತವೆ. ಗುಂಡಿ ಒತ್ತುವವರೇ ಬೇಕಿಲ್ಲ, ನೆಲವೇ ಒತ್ತುತ್ತದೆ. 48 ವೋಲ್ಟ್ ಮೋಟಾರಿನ ಐಷಾರಾಮಿ ಕಾರುಗಳ ಕಂಬಿಗಳೂ ಈಗ ಇವೆ, ಅವು ನಮ್ಮ ಚರ್ಚೆಗೆ ದೂರ.

ನಮ್ಮ ಮಾರುಕಟ್ಟೆಯಲ್ಲಿ ಗುಂಡಿ ಒತ್ತಿ ಕಂಬಿ ಬಿಡಿಸುವ ಸುಖ ಇರುವುದು ಪುಣೆ ಹತ್ತಿರದ ರಾಂಜಣಗಾವ್‌ನಲ್ಲಿ 2021ರಿಂದ ಜೋಡಣೆಯಾಗುತ್ತಿರುವ ರೂಬಿಕಾನ್‌ನಂಥ ದುಬಾರಿ ಗಾಡಿಗಳಿಗೆ. ಜನ ಕೊಳ್ಳುವ ಗಾಡಿಗಳ ಪರಿಸ್ಥಿತಿ ಬೇರೆ. 2020ರ ಥಾರ್‌ಗೆ ಮುಂದೆ ಇಂಡಿಪೆಂಡೆಂಟ್ ತೋಳುಗಳು, ಹಿಂದೆ ಇಡೀ ಅಚ್ಚು. ಎರಡೂ ಕಡೆ ಕಂಬಿ ಇದೆ. ಮುಂದಿನದನ್ನು ಬಿಚ್ಚುವುದಕ್ಕೇ ಜನ ಆತುರ ಪಡುತ್ತಾರೆ, ಲಾಭ ಇರುವುದು ಹೆಚ್ಚಾಗಿ ಹಿಂದೆ. ಜಿಮ್ನಿಗೆ ಹಿಂದು ಮುಂದು ಎರಡೂ ಇಡೀ ಅಚ್ಚು. ಮುಂದಿನ ಕಂಬಿ ಬಿಚ್ಚಿದರೆ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವಾಗುತ್ತದೆ. ಗೂರ್ಖಾದ ಮಾತೇ ಬೇರೆ: ಹಿಂದು ಮುಂದು ಎರಡು ಡಿಫರೆನ್ಷಿಯಲ್‌ಗಳಿಗೂ ಲಾಕ್ ಇದೆ. ಲಾಕ್ ಹಾಕಿದ ಮೇಲೆ ಒಂದು ಚಕ್ರ ಗಾಳಿಯಲ್ಲಿದ್ದರೂ ಇನ್ನೊಂದು ಎಳೆಯುತ್ತದೆ. ಹಾಗಾಗಿ ಕಂಬಿಯ ಪ್ರಶ್ನೆಯ ತುರ್ತು ಅಲ್ಲಿ ಅರ್ಧ ಕರಗಿಹೋಗುತ್ತದೆ. ಥಾರ್‌ನ ಕೆಲವು ಮಾದರಿಗಳಲ್ಲೂ ಹಿಂದಿನ ಲಾಕ್ ಇದೆ. ಜಿಮ್ನಿ ಸುಮ್ಮನೆ ತಿರುಗುವ ಚಕ್ರಕ್ಕೆ ತಾನೇ ಬ್ರೇಕ್ ಹಿಡಿದು ಬಲವನ್ನು ಇನ್ನೊಂದರ ಕಡೆಗೆ ತಳ್ಳುತ್ತದೆ. ಅಲ್ಲಿಗೆ ಕಂಬಿ ಬಿಚ್ಚುವುದರ ಪರವಾಗಿ ಉಳಿಯುವ ವಾದ ಗಾಡಿ ಮುಂದೆ ಹೋಗುವುದರ ಬಗ್ಗೆ ಅಲ್ಲ, ಹೋಗುವಾಗ ಎಷ್ಟು ನೆಮ್ಮದಿಯಾಗಿ ಹೋಗುತ್ತದೆ ಎಂಬುದರ ಬಗ್ಗೆ. ಚಕ್ರ ಎತ್ತಿಕೊಂಡು ಲಾಕಿನ ಬಲದಲ್ಲಿ ದಬ್ಬಿಕೊಂಡು ಹೋಗುವ ಗಾಡಿ ಒಮ್ಮೆಲೆ ಈಚೆ ಬದಿಯಿಂದ ಆಚೆ ಬದಿಗೆ ಬೀಳುತ್ತದೆ, ಬದಿಯಲ್ಲಿ ಬಂಡೆ ಇದ್ದರೆ ಬಾಗಿಲು ಹೋಗುತ್ತದೆ.

ಮಡಿಕೇರಿಯಿಂದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಹಳೆಯ ಕಮಾನು ಪಟ್ಟಿಯ ಜೀಪುಗಳು ಈ ಯಾವ ಚರ್ಚೆಯನ್ನೂ ಕೇಳಿದವಲ್ಲ. ಕಲ್ಲು ಕಿತ್ತ ಏರಿನಲ್ಲಿ ಅವು ನಿತ್ಯ ಏರಿಳಿಯುತ್ತವೆ. ಅಲ್ಲಿ ಕೆಲಸ ಮಾಡುವುದು ಲೋ ಗೇರು, ಮತ್ತು ಪ್ರತಿ ಕಲ್ಲಿನ ಗುರುತಿರುವ ಡ್ರೈವರು.

ಇನ್ನು ನಮ್ಮ ಐದು ತಾಲ್ಲೂಕುಗಳ ನೆಲ. ಹಡಗಲಿಯ ಕಡೆ ತುಂಗಭದ್ರೆಯ ದಂಡೆಗೆ ಹತ್ತಿರವಾದಂತೆ ಎರೆ ಹೊಲಗಳು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆ ಬಿದ್ದರೆ ಚಕ್ರಕ್ಕೆ ಮೆತ್ತಿಕೊಂಡು ಮಡ್‌ಗಾರ್ಡಿನವರೆಗೆ ತುಂಬುವ ಅಂಟು. ಈ ಮಣ್ಣಿನಲ್ಲಿ ಸಿಕ್ಕಿಬಿದ್ದ ಗಾಡಿಯ ನಾಲ್ಕೂ ಚಕ್ರ ನೆಲದಲ್ಲೇ ಇರುತ್ತವೆ, ಬೇಕಾದ್ದಕ್ಕಿಂತ ಹೆಚ್ಚು ಆಳದಲ್ಲಿ. ಕಂಬಿ ಬಿಚ್ಚಿ ಇನ್ನೇನು ಮುಟ್ಟಿಸುವುದು? ಇಲ್ಲಿ ಕೆಲಸಕ್ಕೆ ಬರುವುದು ಟೈರಿನ ಹಲ್ಲು, ಟೈರಿನ ಗಾಳಿ, ಒಂದು ಗಟ್ಟಿ ಹಗ್ಗ, ಮತ್ತು ಮಳೆ ನಿಂತು ಎರಡು ದಿನ ಕಾಯುವ ತಾಳ್ಮೆ. ಭರತ ಹುಣ್ಣಿಮೆಯ ಹೊತ್ತಿಗೆ ಮೈಲಾರದ ಜಾತ್ರೆಗೆ ಬರುವ ಚಕ್ಕಡಿಗಳನ್ನು ನೋಡಿ: ಒಂದೇ ಅಚ್ಚು, ಎರಡೇ ಚಕ್ರ, ಸ್ಪ್ರಿಂಗೇ ಇಲ್ಲ. ಎರಡು ಚಕ್ರದ ಗಾಡಿಗೆ ಮೂಲೆಯಿಂದ ಮೂಲೆಗೆ ಓಲಾಡುವ ಪ್ರಶ್ನೆಯೇ ಇಲ್ಲದ್ದರಿಂದ ನಮ್ಮ ಹಿರಿಯರಿಗೆ ಕಂಬಿಯ ಚಿಂತೆ ಬರಲಿಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ತುಂಗಭದ್ರಾ ಜಲಾಶಯದ ಹಿನ್ನೀರು ಇಳಿದ ಮೇಲೆ ತೆರೆದುಕೊಳ್ಳುವ ಹೂಳಿನ ಬಯಲು ಹೊಸ ಗಾಡಿಯವರನ್ನು ಸೆಳೆಯುತ್ತದೆ. ಮೇಲೆ ಗಟ್ಟಿ ಹೆಪ್ಪು, ಕೆಳಗೆ ಕೆಸರು. ಅದು ಎರೆಗಿಂತ ಮೋಸದ್ದು. ಅಂಕಸಮುದ್ರದ ಪಕ್ಷಿಧಾಮ ಇರುವುದೂ ಇದೇ ತಾಲ್ಲೂಕಿನಲ್ಲಿ. 2024ರಲ್ಲಿ ರಾಮ್‌ಸಾರ್ ತಾಣವೆಂದು ಗುರುತಾದ ಆ ಕೆರೆಯ ಸುತ್ತ ಇಂಜಿನ್ ಸದ್ದು ಮಾಡುವವರ ಬಗ್ಗೆ ನನಗೆ ಸಹಾನುಭೂತಿ ಇಲ್ಲ.

ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ಹೊಲಗಳ ನಡುವೆ ಒಡ್ಡು, ಬದು, ಮಳೆನೀರು ಕೊರೆದ ಕೊರಕಲು. ಉಚ್ಚಂಗಿದುರ್ಗದ ಆಸುಪಾಸಿನಲ್ಲಿ ಗುಡ್ಡದ ಇಳಿಜಾರು. ಓರೆಯಾಗಿ ಒಡ್ಡು ದಾಟುವಾಗ ಒಂದು ಚಕ್ರ ಎದ್ದು ನಿಲ್ಲುವುದು ನಿಜ. ಆದರೆ ಅದು ಇಪ್ಪತ್ತು ಅಡಿಯ ಕಷ್ಟ. ನೇರವಾಗಿ ದಾಟುವ ಜಾಗ ನಾಲ್ಕು ಮಾರು ಆಚೆ ಇದ್ದೇ ಇರುತ್ತದೆ. ಅದಕ್ಕಾಗಿ ಗಾಡಿ ನಿಲ್ಲಿಸಿ, ಕೆಳಗೆ ತೂರಿ, ಲಿಂಕ್ ಬಿಚ್ಚಿ, ದಾಟಿ, ಮತ್ತೆ ಹಾಕಿ, ಆಮೇಲೆ ಹೊಸಪೇಟೆ–ಹರಿಹರ ರಸ್ತೆಗೆ ಬಂದು ಎಂಬತ್ತರಲ್ಲಿ ಓಡಿಸುವುದೇ? ಹಾಕದೆ ರಸ್ತೆಗೆ ಬರುವವರೇ ಹೆಚ್ಚಾಗುತ್ತಾರೆ. ಈ ಸೀಮೆಯ ಗಾಡಿಯ ದಿನಚರಿಯೇ ಹಾಗೆ: ಬೆಳಿಗ್ಗೆ ಹೊಲ, ಹತ್ತಕ್ಕೆ ತಾಲ್ಲೂಕು ಕಚೇರಿ, ಮಧ್ಯಾಹ್ನ ಮಾರುಕಟ್ಟೆ, ಸಂಜೆ ಮತ್ತೆ ಹೊಲ. ಯೂಟಾದವರು ಗಾಡಿಯನ್ನು ಟ್ರೈಲರಿನಲ್ಲಿ ಹೊತ್ತು ತಂದು ಬಂಡೆಯ ಬುಡದಲ್ಲಿ ಇಳಿಸುತ್ತಾರೆ. ನಮ್ಮವರು ಅದೇ ಗಾಡಿಯಲ್ಲಿ ಮದುವೆಗೂ ಹೋಗಬೇಕು.

ಬಂಡೆ ಇರುವುದು ಕೂಡ್ಲಿಗಿಯಲ್ಲಿ. ಗುಡೇಕೋಟೆ, ಜರಿಮಲೆಯ ಕಡೆ ಆನೆಗಾತ್ರದ ಗ್ರಾನೈಟ್ ಗುಂಡುಗಳು ಒಂದರ ಮೇಲೊಂದು, ನಡುವೆ ಕೆಂಪು ಮರಳು, ಜಾಲಿ, ಕಾರೆ. ಕಂಬಿ ಬಿಚ್ಚಿ ನಿಧಾನವಾಗಿ ತೆವಳಿಸಲು ಪಾಠದ ಪುಸ್ತಕದಂಥ ನೆಲ ಎಂದು ಗಾಡಿ ಹುಚ್ಚಿರುವ ಯಾರಿಗಾದರೂ ಅನ್ನಿಸುತ್ತದೆ. ಅದೇ ಗುಂಡುಗಳ ಸಂದಿಯಲ್ಲಿ ಕರಡಿಗಳು ಮರಿ ಹಾಕುತ್ತವೆ. ದರೋಜಿಯ ಬಳಿಕ ರಾಜ್ಯದ ಎರಡನೇ ಕರಡಿಧಾಮವಾಗಿ 2013ರಲ್ಲಿ ಗುಡೇಕೋಟೆ ಘೋಷಣೆಯಾಯಿತು. ಧಾಮದೊಳಗೆ ಅನುಮತಿ ಇಲ್ಲದೆ ಕಾಲಿಡುವುದನ್ನೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಡೆಯುತ್ತದೆ, ಗಾಡಿಯ ಮಾತು ಎಲ್ಲಿ ಬಂತು. ಕರಡಿ ದೂರಕ್ಕೆ ಸರಿಯಾಗಿ ಕಾಣದ, ಹತ್ತಿರದಲ್ಲಿ ಬೆಚ್ಚಿದರೆ ಮೇಲೆರಗುವ ಪ್ರಾಣಿ. ಮರುದಿನ ಹೊಲಕ್ಕೆ ಹೋಗುವ ರೈತ ಅದರ ಸಿಟ್ಟಿಗೆ ಸಿಕ್ಕಬಹುದು ಎಂಬುದು ವಾರಾಂತ್ಯಕ್ಕೆ ಬಂದು ಹೋಗುವವರ ಲೆಕ್ಕದಲ್ಲಿ ಇರುವುದಿಲ್ಲ. ಧಾಮದ ಹೊರಗೆ, ಮಾಲೀಕರ ಒಪ್ಪಿಗೆ ಇರುವ ಪಟ್ಟಾ ಜಮೀನಿನ ಕಲ್ಲುಗಡ್ಡೆಗಳಲ್ಲಿ ಯಾರಾದರೂ ಕಂಬಿ ಬಿಚ್ಚಿ ಅಭ್ಯಾಸ ಮಾಡಿದರೆ ಆಕ್ಷೇಪವಿಲ್ಲ. ಅಂಥ ಜಾಗ ಇದೆ, ಹೆಚ್ಚಿಲ್ಲ.

ಹಾಗೆಂದು ಕಂಬಿಯಿಲ್ಲದ ಗಾಡಿ ಈ ಸೀಮೆಗೆ ಹೊಸದಲ್ಲ. ಟ್ರ್ಯಾಕ್ಟರನ್ನು ಮುಂದಿನಿಂದ ಬಗ್ಗಿ ನೋಡಿದವರಿಗೆ ಗೊತ್ತು: ಮುಂದಿನ ಅಚ್ಚು ಇಡೀ ಗಾಡಿಗೆ ಸೇರಿರುವುದು ನಟ್ಟನಡುವಿನ ಒಂದೇ ಪಿನ್ನಿನಲ್ಲಿ. ಸಾಲು, ಬದು, ಗುಂಡಿ ಏನೇ ಬರಲಿ, ಅಚ್ಚು ಆ ಪಿನ್ನಿನ ಸುತ್ತ ತೊನೆಯುತ್ತದೆ, ಎರಡೂ ಮುಂಚಕ್ರ ನೆಲದಲ್ಲೇ ಇರುತ್ತವೆ. ರೂಬಿಕಾನ್ ಗುಂಡಿ ಒತ್ತಿ ಪಡೆಯುವ ಹರಿವನ್ನು ಟ್ರ್ಯಾಕ್ಟರ್ ಹುಟ್ಟಿನಿಂದಲೇ ಪಡೆದು ಬಂದಿದೆ. ಅದರ ಬೆಲೆಯನ್ನೂ ಅದು ತೆರುತ್ತದೆ. ನಾಲ್ಕು ಚಕ್ರ ಇದ್ದರೂ ಲೆಕ್ಕದಲ್ಲಿ ಟ್ರ್ಯಾಕ್ಟರ್ ನಿಂತಿರುವುದು ಮೂರು ಬಿಂದುಗಳ ಮೇಲೆ, ಎರಡು ಹಿಂಚಕ್ರ ಮತ್ತು ಮುಂದಿನ ಆ ಪಿನ್. ಗುರುತ್ವ ಕೇಂದ್ರ ಈ ತ್ರಿಕೋನದ ಗೆರೆ ದಾಟಿದ ಕ್ಷಣ ಉರುಳುವಿಕೆ ಶುರುವಾಗುತ್ತದೆ. ಮುಂದಿನ ಅಚ್ಚು ತನ್ನ ತಡೆಗೆ ತಾಗಿ ನಾಲ್ಕನೇ ಬಿಂದು ಒದಗುವ ಹೊತ್ತಿಗೆ ಗಾಡಿಗೆ ಆಗಲೇ ವೇಗ ಬಂದಿರುತ್ತದೆ. ಮುಂದಿನ ಓಲಾಟ ಸೀಟಿನಲ್ಲಿ ಕೂತವನ ಸೊಂಟಕ್ಕೆ ತಲುಪುವುದೂ ಇಲ್ಲ, ಅಚ್ಚು ಅದನ್ನು ಅಲ್ಲೇ ನುಂಗಿರುತ್ತದೆ. ಕಾಲುವೆಯ ಏರಿ, ಹಳ್ಳದ ದಂಡೆ, ರಸ್ತೆಯಿಂದ ಹೊಲಕ್ಕಿಳಿಯುವ ಕಡಿದಾದ ಮೂಲೆಗಳಲ್ಲಿ ಟ್ರ್ಯಾಕ್ಟರ್ ಮಗುಚುವುದಕ್ಕೆ ಅತಿವೇಗ, ಅತಿಭಾರದ ಜತೆಗೆ ಈ ರಚನೆಯೂ ಕಾರಣ. ಸ್ವೀಡನ್ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಉರುಳಿದರೂ ಚಾಲಕನನ್ನು ಕಾಯುವ ಉಕ್ಕಿನ ಚೌಕಟ್ಟನ್ನು ಕಡ್ಡಾಯ ಮಾಡಿತು, ಸಾವು ಇಳಿಯಿತು. ನಮ್ಮ ಹೊಲಗಳಲ್ಲಿ ಓಡುವ ಹೆಚ್ಚಿನ ಟ್ರ್ಯಾಕ್ಟರುಗಳ ತಲೆಯ ಮೇಲೆ ಇರುವುದು ಬಿಸಿಲಿಗೆ ಹಾಕಿದ ತಗಡು, ಧ್ವನಿವರ್ಧಕ. ಕಂಬಿ ಬಿಚ್ಚಿದ ಜೀಪು ಹೇಗೆ ನಡೆದುಕೊಳ್ಳುತ್ತದೆ ಎಂದು ತಿಳಿಯಬೇಕಾದವರು ಅನುಭವಸ್ಥ ಟ್ರ್ಯಾಕ್ಟರ್ ಡ್ರೈವರನ್ನು ಮಾತಾಡಿಸುವುದು ಲೇಸು. ಇಳಿಜಾರಿನಲ್ಲಿ ಅಡ್ಡಡ್ಡ ಹೋಗಬೇಡ, ಏರುವುದಾದರೆ ನೇರ ಏರು, ಇಳಿಯುವುದಾದರೆ ಗೇರಿನಲ್ಲೇ ಇಳಿ ಎಂದು ಅವನು ಹೇಳುವುದು ಜೀಪಿಗೂ ಅಕ್ಷರಶಃ ಸಲ್ಲುತ್ತದೆ.

ಉರುಳುವ ಲೆಕ್ಕಕ್ಕೆ ಒಂದು ಸುಲಭ ಸೂತ್ರವಿದೆ: ಎಡ ಬಲ ಚಕ್ರಗಳ ನಡುವಿನ ಅಗಲದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ. ಬಂದ ಸಂಖ್ಯೆ ಸಣ್ಣದಾದಷ್ಟೂ ಗಾಡಿ ಬೇಗ ಮಗುಚುತ್ತದೆ. ಕೊಟ್ಟೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2017ರ ಫೆಬ್ರವರಿಯಲ್ಲಿ ಗುರು ಕೊಟ್ಟೂರೇಶ್ವರರ ರಥೋತ್ಸವ ನಡೆಯುತ್ತಿರುವಾಗಲೇ ಆ ಎತ್ತರದ ತೇರು ಉರುಳಿದ್ದನ್ನು ಊರು ಕಣ್ಣಾರೆ ಕಂಡಿದೆ. ಗಾಡಿಯ ಎತ್ತರ ಹೆಚ್ಚಿಸುವ ಲಿಫ್ಟ್ ಕಿಟ್, ಮೇಲೆ ಸಾಮಾನಿನ ಕ್ಯಾರಿಯರ್, ಅದರ ಮೇಲೆ ಎರಡು ಹೆಚ್ಚುವರಿ ಚಕ್ರ, ಇಷ್ಟನ್ನೂ ಹೇರಿ ಕಂಬಿಯನ್ನೂ ಬಿಚ್ಚುವವರು ಭಾಗಲಬ್ಧವನ್ನು ಇಳಿಸುತ್ತ ಇಳಿಸುತ್ತ ಹೋಗುತ್ತಾರೆ. ಕಂಬಿ ಬಿಚ್ಚಿದ್ದರಿಂದ ನಿಂತ ಗಾಡಿಯ ಸೂತ್ರ ಬದಲಾಗದು. ಓಡುವ ಗಾಡಿ ಹೆಚ್ಚು ವಾಲುವುದರಿಂದ ಗುರುತ್ವ ಕೇಂದ್ರವೇ ಹೊರಬದಿಗೆ ಸರಿಯುತ್ತದೆ, ಅಲ್ಲಿದೆ ಅಪಾಯ.

ವೇಗವೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎನ್ನುವುದಕ್ಕೆ ತುತ್ತತುದಿಯ ಉದಾಹರಣೆ ಬೇಕಿದ್ದರೆ ಆಕಾಶ ನೋಡಬೇಕು. 2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ಚಂದ್ರಯಾನ-3ರ ಪ್ರಜ್ಞಾನ್ ರೋವರಿಗೆ ಆರು ಚಕ್ರ, ಸ್ಪ್ರಿಂಗ್ ಇಲ್ಲ, ಓಲಾಟ ತಡೆಯುವ ಕಂಬಿಯೂ ಇಲ್ಲ. ಎಡ ಬಲದ ತೋಳುಗಳು ಒಂದಕ್ಕೊಂದು ವಿರುದ್ಧವಾಗಿ ಏರಿಳಿಯುವಂತೆ ಜೋಡಿಸಿ, ನಡುವಿನ ಪೆಟ್ಟಿಗೆ ಎರಡರ ಸರಾಸರಿಯ ಮಟ್ಟದಲ್ಲಿರುವಂತೆ ಮಾಡಲಾಗಿದೆ. ಅದರ ವೇಗ ಸೆಕೆಂಡಿಗೆ 1 ಸೆಂಟಿಮೀಟರ್. ಆ ವೇಗದಲ್ಲಿ ಹೋಗುವುದಾದರೆ ಯಾವ ಗಾಡಿಯ ಕಂಬಿಯನ್ನಾದರೂ ಬಿಚ್ಚಿ ಎಸೆಯಬಹುದು.

ಕಾನೂನಿನ ಕಡೆ ಸ್ವಲ್ಪ ಹೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಮಾರ್ಪಾಟು ಮಾಡಿಸುವ ಮಾಲೀಕರಿಗೆ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಸೆರೆ ಎಂದಿತು. ಖಾಸಗಿ ಹೊಲದಲ್ಲಿ ಒಂದು ಗಂಟೆ ಲಿಂಕ್ ಬಿಚ್ಚಿ ಮತ್ತೆ ಹಾಕುವುದನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ. ಕಂಬಿಯೇ ಇಲ್ಲದೆ ಹೆದ್ದಾರಿಯಲ್ಲಿ ಅಪಘಾತವಾದರೆ ವಿಮೆಯ ಸರ್ವೇಯರ್ ಗಾಡಿಯ ಕೆಳಗೆ ಬಗ್ಗಿ ನೋಡುತ್ತಾನೆ, ಆಗ ಉತ್ತರ ಹೇಳುವುದು ಕಷ್ಟ.

ನಿಜವಾದ ತೊಂದರೆ ಇರುವುದು ಹವ್ಯಾಸಿಗಳ ಬಳಿಯೂ ಅಲ್ಲ. ಜನ ತುಂಬಿದ ಕ್ರೂಸರ್, ಸರಕು ತುಂಬಿದ ಪಿಕಪ್ಪು, ಹಳೆಯ ಬೊಲೆರೊ ಗ್ಯಾರೇಜಿಗೆ ಬರುತ್ತವೆ. ಮುಂದೆ ಕಟಕಟ ಸದ್ದು. ಲಿಂಕ್ ರಾಡಿನ ಬಾಲ್ ಸವೆದಿರುತ್ತದೆ ಅಥವಾ ಬುಷ್ ಪುಡಿಯಾಗಿರುತ್ತದೆ. "ಲಿಂಕ್ ರಾಡ್ ಹೋಗೈತಿ, ಸಾಮಾನು ಬರೋತನಕ ಬಿಚ್ಚಿಬಿಡ್ಲೇನು?" ಅನ್ನುವ ಮಾತಿಗೆ ಹೂಂ ಅಂದರೆ ಸದ್ದು ನಿಲ್ಲುತ್ತದೆ. ಸದ್ದು ನಿಂತ ಮೇಲೆ ಸಾಮಾನಿನ ನೆನಪು ಯಾರಿಗೆ? ಮೋಜಿಗಾಗಿ ಬಿಚ್ಚಿದವನಿಗೆ ತಾನು ಬಿಚ್ಚಿದ್ದೇನೆಂಬ ಎಚ್ಚರವಾದರೂ ಇರುತ್ತದೆ. ಈ ಗಾಡಿಗಳ ಡ್ರೈವರ್ ಬದಲಾದಾಗ ಹೊಸಬನಿಗೆ ಅದೂ ಗೊತ್ತಿರುವುದಿಲ್ಲ. ಹತ್ತು ಹನ್ನೆರಡು ಮಂದಿಯನ್ನು ಕೂರಿಸಿಕೊಂಡು ಕೂಡ್ಲಿಗಿಯ ತಿರುವುಗಳನ್ನು ಹಳೆಯ ಅಭ್ಯಾಸದಲ್ಲೇ ತೆಗೆಯುತ್ತಾನೆ. ಲಿಂಕ್ ರಾಡ್ ಗಾಡಿಯ ಅಗ್ಗದ ಬಿಡಿಭಾಗಗಳಲ್ಲಿ ಒಂದು. ಅದನ್ನು ಹಾಕಿಸದೆ ಉಳಿಸುವ ದುಡ್ಡಿಗೆ ಅರ್ಥವಿಲ್ಲ.

ಇಷ್ಟಾದ ಮೇಲೂ ಬಿಚ್ಚಲೇಬೇಕು ಎನ್ನುವವರು, ಕೂಡ್ಲಿಗಿಯ ಯಾವುದೋ ಪಟ್ಟಾ ಗುಡ್ಡದ ಬುಡದಲ್ಲಿ ನಿಂತಿದ್ದಾರೆ ಎಂದಿಟ್ಟುಕೊಳ್ಳಿ. ಗಾಡಿ ಸಮನೆಲದಲ್ಲಿರಬೇಕು, ಚಕ್ರಗಳು ನೇರವಾಗಿರಬೇಕು, ಹಿಂದು ಮುಂದು ಕಲ್ಲು ಒತ್ತಿರಬೇಕು. ಓರೆಯಲ್ಲಿ ನಿಂತಿದ್ದರೆ ಕಂಬಿ ತಿರುಚಿಕೊಂಡಿರುತ್ತದೆ, ನಟ್ ಸಡಿಲಿಸಿದ ಕ್ಷಣ ಸಿಡಿದು ಬೆರಳು ತೆಗೆಯುತ್ತದೆ. ಒಂದೇ ಕಡೆ ಬಿಚ್ಚಿದರೂ ಕಂಬಿ ಕೆಲಸ ನಿಲ್ಲಿಸುತ್ತದೆ ನಿಜ, ಆದರೆ ಇನ್ನೊಂದು ತುದಿ ಚಕ್ರದ ಜತೆ ಏರಿಳಿಯುತ್ತ ಈ ಕಡೆಯ ಸಡಿಲ ತುದಿಯನ್ನು ಬ್ರೇಕಿನ ಪೈಪಿಗೆ, ಟೈರಿಗೆ ಬಡಿಸುತ್ತದೆ. ಎರಡೂ ಬಿಚ್ಚಿ, ಕಂಬಿಯನ್ನು ಮೇಲೆತ್ತಿ ಚಾಸಿಗೆ ಗಟ್ಟಿಯಾಗಿ ಕಟ್ಟಬೇಕು. ಮೊದಲ ಓರೆಯಲ್ಲಿ ಯಾರಾದರೂ ಕೆಳಗಿಳಿದು ಬ್ರೇಕ್ ಪೈಪು ಮತ್ತು ಎಬಿಎಸ್ ತಂತಿ ಎಳೆದು ಬಿಗಿಯಾಗಿಲ್ಲವೆಂದು ನೋಡಬೇಕು. ಚಕ್ರ ಮೊದಲಿಗಿಂತ ಕೆಳಗೆ ಜೋಲುವುದರಿಂದ ಅವುಗಳ ಉದ್ದ ಸಾಲದೆ ಹೋಗಬಹುದು. ವಾಪಸು ಹಾಕುವಾಗಲೂ ಸಮನೆಲವೇ ಬೇಕು. ರಂಧ್ರ ಕೂಡದಿದ್ದರೆ ಇನ್ನೊಬ್ಬರು ಗಾಡಿಯ ಮೂಲೆಯನ್ನು ಒತ್ತಿ ತೂಗಿದರೆ ಕೂಡುತ್ತದೆ, ಸುತ್ತಿಗೆ ಬೇಡ. ನೈಲಾನ್ ಉಂಗುರದ ನಟ್‌ಗಳನ್ನು ಪದೇ ಪದೇ ಬಳಸಿದರೆ ಹಿಡಿತ ಕಳೆದುಕೊಳ್ಳುತ್ತವೆ, ಹೊಸ ಜೋಡಿ ಟೂಲ್ ಪೆಟ್ಟಿಗೆಯಲ್ಲಿರಲಿ. ಡಾಂಬರು ಸಿಕ್ಕ ಮೇಲೆ ಹಾಕೋಣ ಎನ್ನಬೇಡಿ; ಗುಡ್ಡದ ಬುಡದಲ್ಲೇ ಹಾಕಿ ಹೊರಡಿ, ಕೂಡ್ಲಿಗಿ ತಲುಪಿದ ಮೇಲೆ ಎರಡೂ ನಟ್‌ಗಳಿಗೆ ಮತ್ತೊಮ್ಮೆ ಪಾನಾ ಕೊಟ್ಟು ನೋಡಿ.